ಉಗುಳೂದೆಲ್ಲಿ

ಮೂರು ವಾರ ಆತು, ಸಾತಗೌಡ ಮಾಸ್ತರರ ಕೂಡ ಮಾತಿಲ್ಲ.
ನನ್ನ ಗಾಡಿ ನಿಲ್ಲೂ ಫರಸಿ ಮ್ಯಾಲ
ದಿನಾ ಮುಂಜಾನೆ ಒಂದು ಕೆಂಪು ಕಲಿ.
"ಎಲಿ ಹಾಕ್ಕೋರಿ, ಬ್ಯಾಡ ಅನ್ನೂದಿಲ್ಲ,
ನಿಮ್ಮ ಬಾಗಲದಾಗ ಉಗುಳ್ರಿ" ಅಂದಿದ್ದೆ,
ಇಡೀ ಓಣಿ ಕೇಳೂಹಂಗ.
ಅವರು ಧೋತ್ರದ ಚುಂಗು ಝಾಡಿಸಿ ಒಳಗ ಹೋದರು.

ಮೊನ್ನೆ ಖಡೇಬಜಾರದ ತಿರುವಿನ್ಯಾಗ
ಹಳೇ ಕ್ವಾಲಿಸ್ಸು ನೊಗಕ್ಕ ಬಗ್ಗದ ಹೋರಿಯಂಗ
ಕುತ್ತಿಗಿ ಬಿಗಿಹಿಡೀತು.
ಬಾನೆಟ್ಟಿನೊಳಗ ಒಂದ ಸವನ ನರಳಾಟ.
ಎರಡೂ ಕೈಲೆ ಸ್ಟೇರಿಂಗಿಗೆ ಜೋತುಬಿದ್ದೆ,
ಹಿಂದ ರಿಕ್ಷಾದವನ ಹಾರ್ನು, ಬೈಗಳ.

ಉದ್ಯಮಬಾಗದಾಗ ದಸ್ತಗೀರ ಗಾಡಿ ಕೆಳಗ ಮಲಗಿ
ಬೆರಳಷ್ಟ ಹೊರಗ ಚಾಚಿ ತೋರಿಸಿದ: ಕೆಂಪು.
ಮೂಸಿ ನೋಡಿದೆ.
ಸುಣ್ಣಿಲ್ಲ, ಕಾಚಿಲ್ಲ.
"ಪವರ್ ಆಯಿಲ್ ಅಕ್ಕಾರ, ಪೈಪ್ ಸೀಳೈತಿ.
ಹಿಂಗ ಸುರಕೋಂತ ಹೋದರ ನಾಳೆ ಪಂಪೂ ಹೋಗ್ತೈತಿ."
ನಾಲ್ಕು ಅಂಗಡಿ ಆಚೆ ಹೊಸ ಪೈಪಿಗೆ ತುದಿ ಬಿಗಿಸಿ ತಂದ,
ತಾಮ್ರದ ವಾಷರ್ ಹಾಕಿದ, ಎಣ್ಣಿ ಸುರುವಿದ.
"ಎಡಕ್ಕ ಹೊಳ್ಳಸ್ರಿ, ಬಲಕ್ಕ ಹೊಳ್ಳಸ್ರಿ, ತುದಿತನಕ,
ಡಬ್ಬಿಯೊಳಗ ಗುಳ್ಳಿ ನಿಲ್ಲೂತನಕ."

ಈಗ ಒಂದ ಬೆರಳಿಗೆ ಹೊಳ್ಳತೈತಿ ಗಾಡಿ.
ಫರಸಿ ತೊಳದೇನಿ, ಸಾಬೂನು ಹಚ್ಚಿ, ಎರಡು ಸಲ.
ಮಾಸ್ತರರು ಕಟ್ಟಿ ಮ್ಯಾಲ ಎಲಿಗೆ ಸುಣ್ಣ ಸವರಾಕ ಹತ್ಯಾರ.
ಅವರ ಗೇಟು ಹಿಡಕೊಂಡು ನಿಂತೇನಿ,
ನಾಲಿಗಿ ಮಾತ್ರ ಹೊಳ್ಳವಲ್ದು.

"ನನಗೂ ಒಂದು ಎಲಿ ಕೊಡ್ರಿ" ಅಂದೆ ಕಡೀಕ.
ಚಂಚಿ ಮುಂದ ಸರಿಸಿದರು,
ಮಾರಿ ಎತ್ತಲಿಲ್ಲ.
"ಉಗುಳೂದೆಲ್ಲಿ?"