ಅರ್ಜೆಂಟ್

ಕೊಂಡುಹೋಗದ ಬಟ್ಟೆಗಳಿಗೆಂದೇ ನನ್ನ ಅಂಗಡಿಯಲ್ಲಿ
ಹಳೆ ಟೀವಿಯ ಒಂದು ರಟ್ಟಿನ ಪೆಟ್ಟಿಗೆ.
ಒಳಗೆ ಮೂರು ವರ್ಷದ ಜನರ ಮರೆವು:
ಲಂಗ, ಫಾಲ್ ಹಚ್ಚಿದ ಎರಡು ಸೀರೆ, ಯಾರದೋ ಯೂನಿಫಾರ್ಮು,
ಎಲ್ಲಕ್ಕಿಂತ ಮೇಲೆ
ಎಲೆಹಸುರು ಬ್ರೊಕೇಡಿನ ರವಿಕೆ.
ಪಿನ್ನು ಚುಚ್ಚಿದ ಚೀಟಿಯಲ್ಲಿ ನನ್ನದೇ ಅಕ್ಷರ:
ಬಿಲ್ ನಂಬರ್ ಇನ್ನೂರ ಹನ್ನೆರಡು,
ತೋಳು ಮೊಣಕೈವರೆಗೆ, ಹಿಂದೆ ದಾರ,
ಕೆಳಗೆ ಎರಡು ಗೆರೆ ಎಳೆದು, ಅರ್ಜೆಂಟ್.

ಮೇ ತಿಂಗಳು. ಕಂಕನಾಡಿಯ ಸೆಕೆಗೆ
ಅಳತೆಯ ಟೇಪು ಕೂಡ ಕೊರಳಿಗೆ ಅಂಟುವ ಹೊತ್ತು.
ಶಟರು ಎತ್ತಿದರೆ ಪೆಟ್ಟಿಗೆಯೊಳಗೆ ಎರಡು ಕಣ್ಣು.
ಹೋಗು ಅನ್ನಲು ಬಾಯಿ ತೆರೆದೆ,
ಅದು ಮೊದಲು ತೆರೆಯಿತು, ಸದ್ದಿಲ್ಲದೆ,
ಹಲ್ಲು ಮಾತ್ರ ತೋರಿಸಿ.
ಹೊಟ್ಟೆಯಡಿ ಒದ್ದೆ ಒದ್ದೆಯಾಗಿ ಮೂರೋ ನಾಲ್ಕೋ,
ಎಣಿಸಲು ಬಿಡಲಿಲ್ಲ.

ಒಳಗೆ ಹೇಗೆ ಬಂತು? ಹಿಂದಿನ ಕಿಟಕಿಯ ಒಡೆದ ಗಾಜಿಗೆ
ನಾನೇ ಅಂಟಿಸಿದ್ದ ಕ್ಯಾಲೆಂಡರಿನ ಹಾಳೆ
ಹರಿದಿತ್ತು, ಫೆಬ್ರವರಿಯ ನಡುವಿನಲ್ಲಿ.

ಮೀನಿನ ಬೇಬಿಯಕ್ಕ ಬುಟ್ಟಿ ಇಳಿಸಿ ಇಣುಕಿದರು:
"ಪುಚ್ಚೆ ಬಾಣಂತಿ, ಮಾರಾಯ್ತಿ! ಹೊರಗೆ ಹಾಕಿದರೆ ನೋಡು."
ಬಾಣಂತಿಗೆ ಅಂತ ಎರಡು ಬೂತಾಯಿ ಎಲೆಯಲ್ಲಿಟ್ಟು
ದುಡ್ಡು ನನ್ನಿಂದ ತೆಗೆದುಕೊಂಡರು.
ಬಾಡಿಗೆಗೆ ಬಂದ ಬೊನಿಫಾಸ್ ಪೊರ್ಬುಗಳು
ಮೂಗು ಹಿಡಿದು, "ಅಗ್ರಿಮೆಂಟಿನಲ್ಲಿ
ನೀವು ಒಬ್ಬರೇ ಅಂತ ಉಂಟಲ್ಲ?"
ಮರುದಿನ ಬಾಗಿಲ ಚಿಲಕಕ್ಕೆ
ಯಾರೋ ಹಾಲಿನ ತೊಟ್ಟೆ ಸಿಕ್ಕಿಸಿ ಹೋಗಿದ್ದರು.
ಯಾರೋ ಏನು, ಅವರೇ. ಸ್ಕೂಟರಿನ ಸದ್ದು ನನಗೆ ಗೊತ್ತಿಲ್ಲವೇ.

ನಾನು ಸಾಕಿದೆ ಅಂದರೆ ಸುಳ್ಳಾಗುತ್ತದೆ.
ಅದು ನನ್ನನ್ನು ನೋಡುತ್ತಿತ್ತು:
ಪೆಡಲು ತುಳಿಯುವ ಕಾಲು, ಕತ್ತರಿ, ಇಸ್ತ್ರಿಯ ಹಬೆ,
ಫೋನಿನಲ್ಲಿ ತಂಗಿಯ ಜೊತೆ ನನ್ನ ಜಗಳ.
ಹತ್ತನೆಯ ದಿನ ಪೆಟ್ಟಿಗೆ ಖಾಲಿ.
ಬಿಸಿ ಮಾತ್ರ ಇತ್ತು, ಒಂದು ಬೊಗಸೆಯಷ್ಟು.
ಮರಿಗೆ ಚುಚ್ಚೀತು ಅಂತ ಹಿಂದಿನ ದಿನ
ಚೀಟಿಯ ಪಿನ್ನು ಕಿತ್ತಿದ್ದೆ, ಕೈ ಪರಚಿಸಿಕೊಂಡು.
ಅದೇ ತಪ್ಪಾಯಿತೇ?
ಅವತ್ತು ಒಂದು ತೋಳು ತಿರುಗಮುರುಗ ಹೊಲಿದೆ,
ಬಿಚ್ಚಿದೆ, ಮತ್ತೆ ಹಾಗೇ ಹೊಲಿದೆ.

ಮೂರನೆಯ ರಾತ್ರಿ, ಶಟರು ಅರ್ಧ ಎಳೆದಿದ್ದೆ,
ಫೆಬ್ರವರಿಯ ತೂತಿನಿಂದ ಅದು ಬಂತು
ಬಾಯಲ್ಲಿ ಒಂದನ್ನು ನೇತಾಡಿಸಿಕೊಂಡು.
ಪೆಟ್ಟಿಗೆಗೆ ಹಾಕಿ, ನನ್ನತ್ತ ನೋಡದೆ ಹೋಯಿತು.
ಮತ್ತೊಂದು.
ಲಾಸ್ಟ್ ಬಸ್ಸು ಹೋಯಿತು. ನಾನು ದೀಪ ಆರಿಸಿ
ಗುಂಡಿಯ ಡಬ್ಬಿ ಮಡಿಲಲ್ಲಿಟ್ಟು ಕೂತೇ ಇದ್ದೆ,
ಅಲುಗಿದರೆ ಗುಂಡಿಗಳು ಮಾತಾಡುತ್ತವೆಂದು ಅಲುಗದೆ.
ಮೂರನೆಯದು.
ನಾಲ್ಕನೆಯದಕ್ಕೆ ಹೋಗಲಿಲ್ಲ.
ನಾಲ್ಕಿತ್ತು. ಕಪ್ಪು ಮೂಗಿನದು.
ಮಲಗಿ ಒಂದೊಂದನ್ನೇ ನೆಕ್ಕಿತು,
ಆಮೇಲೆ ಪಕ್ಕದ ಬರೀ ಬ್ರೊಕೇಡನ್ನೂ
ಸ್ವಲ್ಪ ಹೊತ್ತು ನೆಕ್ಕಿತು.

ಜೂನಿನಲ್ಲಿ ಅವಳು ಬಂದಳು, ಜೆಪ್ಪುವಿನ ಪ್ರಫುಲ್ಲಾ.
ರಶೀದಿ ಇರಲಿಲ್ಲ, ನಂಬರು ಬಾಯಿಪಾಠ.
ಮದುವೆಗೆ ಎರಡು ದಿನ ಇರುವಾಗ ಒಯ್ಯಬೇಕಾದದ್ದು.
ಯಾಕೆ ಬರಲಿಲ್ಲವೆಂದು ನಾನು ಕೇಳಿರಲಿಲ್ಲ,
ಈ ಊರಿನಲ್ಲಿ ಕೇಳಬೇಕಾಗಿಯೂ ಇಲ್ಲ.
ನಾಚುತ್ತ ಪೆಟ್ಟಿಗೆ ತೋರಿಸಿದೆ.
ಜರಿಯಲ್ಲಿ ಉಗುರಿನ ಎಳೆ, ಹಾಲಿನ ಕಲೆ, ರೋಮ.
ಹಿಂದಿನ ದಾರದ ಗೊಂಡೆಯ ಜೊತೆ ಒಂದು ಮರಿ
ಪ್ರಾಣ ಹೋಗುವ ಯುದ್ಧದಲ್ಲಿತ್ತು.
"ಬೇರೆ ಹೊಲಿದು ಕೊಡುತ್ತೇನೆ," ಅಂದೆ.
ಅವಳು ಕುಕ್ಕರಗಾಲಲ್ಲಿ ಕೂತು ನೋಡಿದಳು,
ನಾನು ಒಂದು ಹೆಮ್ಮಿಂಗ್ ಮುಗಿಸುವಷ್ಟು ಹೊತ್ತು.
ಆಮೇಲೆ ಪರ್ಸು ತೆರೆದು,
"ಮಜೂರಿ ಎಷ್ಟಿತ್ತು, ಆಗ?"
ಮುನ್ನೂರೈವತ್ತು ಅಂದೆ. ನಾಲ್ಕು ನೂರು ಕೊಟ್ಟಳು.
ನನ್ನ ಹತ್ತಿರ ಚಿಲ್ಲರೆ ಇಲ್ಲ.
"ಇರಲಿ. ಮೀನಿಗೆ."
ರವಿಕೆ ಕೇಳಲಿಲ್ಲ.

ಬಿಲ್ ಪುಸ್ತಕ ಹುಡುಕಿ, ಇನ್ನೂರ ಹನ್ನೆರಡರ ಎದುರು
ಡೆಲಿವರಿ ಆಗಿದೆ ಎಂದು ಬರೆದು
ಒಬ್ಬಳೇ ನಕ್ಕೆ.

ಮಳೆ ಹಿಡಿದಿದೆ. ಹಿಂದಿನ ಕಿಟಕಿಯಿಂದ ಎರಚಲು.
ಗಾಜಿನವನು ಬಂದು ಅಳತೆ ತೆಗೆದು ಹೋಗಿದ್ದಾನೆ.
ಅರ್ಜೆಂಟ್ ಇಲ್ಲ ಅಂತ ಹೇಳಿದ್ದೇನೆ.