ಗರ್ನಾಲು

ನಾನು ಹೊಡೆದ ಗರ್ನಾಲಿಗೇ
ನನ್ನ ಮನೆಯ ಹಕ್ಕಿ ನಡುರಾತ್ರಿ ಪಂಜರಕ್ಕೆ ಬಡಿದುಕೊಳ್ಳುತ್ತದೆಂದು
ತಿಳಿದದ್ದು ಮೂರು ವಾರ ತಡವಾಗಿ.

ಸಿದ್ದಾಪುರದ ಆಚೆ, ಹೊಳೆಬದಿಯ ತೋಟಗಳಲ್ಲಿ
ಆನೆ ಓಡಿಸುವ ತಂಡಕ್ಕೆ ನಾನೊಬ್ಬ ದಿನಗೂಲಿ.
ಒಂದು ಟಾರ್ಚು, ಒಂದು ಸೀಟಿ, ಚೀಲದಲ್ಲಿ ಆರು ಗರ್ನಾಲು.
ಮುಂದೆ ಬೊಳಕ. ಲದ್ದಿಗೆ ಕೈಯಿಟ್ಟು
‘ಬಿಸಿ ಉಂಟು’ ಅನ್ನುತ್ತಾನೆ.
ಹಲಸಿನ ಮರದ ಬುಡದಲ್ಲಿ ಕತ್ತಲೆಯ ಒಂದು ತುಂಡು
ಕಿವಿ ಬೀಸುತ್ತದೆ.
ಬತ್ತಿಗೆ ಬೀಡಿ ತಾಗಿಸುವವನು ನಾನು.

ಐದಕ್ಕೆ ಮನೆ. ಕೈಯಲ್ಲಿ ಮದ್ದಿನ ವಾಸನೆ.
ಪಂಜರದ ತಳದಲ್ಲಿ ಬೂದು ಗರಿ,
ಹಳೆಯ ಪೇಪರಿನ ಮೇಲೆ ಸಾಸಿವೆ ಸಾಸಿವೆ ರಕ್ತ.
ಕಾಕಟೀಲ್ ಜಾತಿ, ಕೆನ್ನೆಯಲ್ಲಿ ಕಿತ್ತಳೆಯ ಬೊಟ್ಟು,
ಜುಟ್ಟಿನ ಗತ್ತು ನೋಡಿ ಪಟೇಲ ಅಂತ ಹೆಸರಿಟ್ಟಿದ್ದೆವು.
ಆ ಜುಟ್ಟು ಮೊಳೆ ಹೊಡೆದ ಹಾಗೆ ನೆಟ್ಟಗೆ,
ಇಳಿಯಲೊಲ್ಲದು.

ಬೆಕ್ಕು ಅಂದಳು ಪ್ರಸೀತಾ. ಹೆಗ್ಗಣ ಅಂದಳು.
ಕಡೆಗೆ ದೃಷ್ಟಿಯೆಂದು ಉಪ್ಪು ಮೆಣಸು ಒಲೆಗೆ ಸುರಿದಳು.
ಘಾಟಿಗೆ ಪಟೇಲನೂ ಸೀನಿದ, ನಾನೂ ಸೀನಿದೆ. ಅಷ್ಟೆ.

ವಿರಾಜಪೇಟೆಯ ಡಾಕ್ಟರಮ್ಮ, ಪೊನ್ನವ್ವ,
ಮುರಿದ ಗರಿಯ ಬುಡ ಒತ್ತಿ ಹಿಡಿದು ಜೋಳದ ಹಿಟ್ಟು ಮೆತ್ತಿದರು,
ನನ್ನ ಅಂಗಿಯ ಕಡೆ ಮೂಗು ತಿರುಗಿಸಿ
‘ಎಷ್ಟು ಗಂಟೆಗೆ ಹೊಡೀತೀರಿ?’ ಅಂದರು.
ನಾನು ನೆಲ ನೋಡಿದೆ.
‘ಏನು ತಿಂತಾನೆ?’
ಸೂರ್ಯಕಾಂತಿ ಬೀಜ.
‘ಮತ್ತೆ?’
ಸೂರ್ಯಕಾಂತಿ ಬೀಜ.
‘ದಿನಾ ಮದುವೆಮನೆಯಲ್ಲಿ ಉಂಡವನ ಲಿವರು ಇವನದು.
ಬೀಜ ಕಡಿಮೆ ಮಾಡಿ, ಒಮ್ಮೆಲೇ ಬೇಡ,
ಹಟಕ್ಕೆ ಉಪವಾಸ ಕೂತಾನು.
ಸೊಪ್ಪು ಕೊಡಿ, ಕುಂಬಳ ಕೊಡಿ, ಮೊಳಕೆಹೆಸರು.
ಬೆಣ್ಣೆಹಣ್ಣು ಮಾತ್ರ ತೋರಿಸಲೂ ಬೇಡಿ.’

ನಮ್ಮಲ್ಲಿ ಬೆಣ್ಣೆಹಣ್ಣು ದಾರಿಯಲ್ಲಿ ಕಾಲಿಗೆ ಸಿಗುತ್ತದೆ.
ನನಗೆ ಅನ್ನ ಕೊಡುವ ತೋಟದಲ್ಲೇ ಅವನಿಗೆ ವಿಷ.
ಬಸ್ಸಿಳಿಯುವವರೆಗೆ ಇದೇ ತಲೆಯಲ್ಲಿ.

ಗಂಟೆ, ಕನ್ನಡಿ, ಉಯ್ಯಾಲೆ ತೆಗೆದೆವು.
ಕೂರುವ ಕೋಲು ತಗ್ಗಿಸಿದೆವು, ಬಿದ್ದರೂ ಹತ್ತಿರ ಬೀಳಲಿ ಅಂತ.
ಮೂರು ಬದಿಗೆ ನನ್ನ ಹಳೆಯ ಲುಂಗಿ.
ನಾಲ್ಕನೆಯದು ತೆರೆದೇ ಇರಬೇಕು:
ಏನೂ ಕಾಣದಿದ್ದರೆ ಎಲ್ಲವೂ ಕಾಣುತ್ತದಂತೆ.

ನುಗ್ಗೆಸೊಪ್ಪು ಬಟ್ಟಲಲ್ಲಿಟ್ಟರೆ ಪಟೇಲ
ಬಡವನ ಅರ್ಜಿ ಎಸೆದಂತೆ ಎಸೆದ.
ಒಂಬತ್ತು ದಿನ.
ಹಂಸಾಕನ ಏಲಕ್ಕಿ ತಕ್ಕಡಿಯಲ್ಲಿ ದಿನಾ ತೂಗಿದೆವು,
ನೂರ ಹನ್ನೆರಡು, ನೂರ ಹನ್ನೊಂದು ಗ್ರಾಂ.
‘ಕಿಲೋಗೆ ಎಷ್ಟು?’ ಅಂತ ಅವರ ತಮಾಷೆ.
ಹತ್ತನೆಯ ದಿನ ಪಂಜರದ ಮುಂದೆ ಕೂತು
ನಾನೇ ಹಸಿ ಸೊಪ್ಪು ಜಗಿದೆ, ಮುಖ ಕಿವುಚದೆ.
ಕತ್ತು ಓರೆ ಮಾಡಿ ನನ್ನ ದವಡೆ ನೋಡಿದ.
ಬಂದ. ಬೆರಳಿನಿಂದ ಒಂದೆಲೆ ಕಿತ್ತ.
ಗೆದ್ದೆ ಅನ್ನುವಷ್ಟರಲ್ಲಿ ಉಗಿದ.
ಆಮೇಲೆ, ನಾನು ಎದ್ದು ಹೋದ ಮೇಲೆ,
ಅದನ್ನೇ ಹೆಕ್ಕಿದ.

ರಜೆಯ ಒಂದು ರಾತ್ರಿ ಬೇರೆ ಯಾರೋ ಹೊಡೆದರು.
ಮೊದಲ ಸಲ ಆ ಸದ್ದನ್ನು ಚಾಪೆಯ ಮೇಲೆ ಕೇಳಿದೆ.
ಎದೆ ಬಾಯಿಗೆ ಬಂತು.
ಎಡವುತ್ತ ಹೋಗಿ ಸಣ್ಣ ದೀಪ ಹಾಕಿದೆ,
ಹಿಡಿಯಲಿಲ್ಲ, ಮುಟ್ಟಲಿಲ್ಲ.
‘ನಾನು, ನಾನೇ, ನಾನೇ’ ಅಂದೆ.
ಸಮಾಧಾನವೋ ತಪ್ಪೊಪ್ಪಿಗೆಯೋ,
ಅವನಿಗೆ ಎರಡೂ ಒಂದೇ ದನಿ.
ರೆಕ್ಕೆ ನಿಂತಿತು. ಜುಟ್ಟು,
ತುಂಬ ಹೊತ್ತಿನ ಮೇಲೆ, ಅರ್ಧ ಇಳಿಯಿತು.

ಈಗ ಬತ್ತಿ ಹಚ್ಚುವ ಮುಂಚೆ ಮನೆಗೊಂದು ಮಿಸ್ಡ್ ಕಾಲು.
ಪ್ರಸೀತಾ ಎದ್ದು ದೀಪ ಹಾಕಿ ಪಂಜರದ ಪಕ್ಕ ಕೂರುತ್ತಾಳೆ.
‘ಯಾರಿಗೆ?’ ಅಂತಾನೆ ಬೊಳಕ.
ಪಟೇಲರಿಗೆ.
ತಲೆಯಾಡಿಸುತ್ತಾನೆ, ಅಪ್ಪಣೆ ಬೇಕಲ್ಲ ಎಲ್ಲದಕ್ಕೂ.

ಹಲಸಿನ ಬುಡದಲ್ಲಿ ತಾಯಿಯ ಕಾಲುಗಳ ನಡುವೆ
ಒಂದು ಮರಿ.
ಅದಕ್ಕೆ ಯಾವ ನಂಬರಿಗೆ ಹಚ್ಚುವುದು?
ಇಪ್ಪತ್ತು ಎಣಿಸುತ್ತೇನೆ,
ಬೀಡಿ ಬೆರಳು ಸುಡುವವರೆಗೆ.

ಐದಕ್ಕೆ ಮನೆ. ಪೇಪರಿನ ಮೇಲೆ ಗರಿ ಇಲ್ಲ.
ಹರಿದ ನುಗ್ಗೆಯೆಲೆ, ಮೂರು ನಾಲ್ಕು.
ದೀಪ ಇನ್ನೂ ಉರಿಯುತ್ತಿದೆ,
ಪ್ರಸೀತಾಗೆ ಕೂತಲ್ಲೇ ನಿದ್ದೆ.