ಮುಷ್ಟಿ ಬಿಚ್ಚು

ಬೇತಮಂಗಲದಾಚೆಯ ಡೇರಿಯಲ್ಲಿ
ಬೆಳಗಿನ ಆರಕ್ಕೇ ಕ್ಯಾನುಗಳ ಸಾಲು.
ಮೇಜಿನ ಮೇಲೆ ಮೂವತ್ತಾರು ಗಾಜಿನ ಕೊಳವೆ,
ಒಂದೊಂದರಲ್ಲೂ ಕಿರುಬೆರಳ ಗೆಣ್ಣಿನಷ್ಟು ಕೆಂಪು ನೀರು,
ಲ್ಯಾಬಿನಿಂದ ಐಸಿನ ಡಬ್ಬಿಯಲ್ಲಿ ಬಂದದ್ದು.

"ಏನಪ್ಪ ಇದು, ದಾಳಿಂಬೆ ರಸಾನಾ?" ಅಂದಳು ಗೌರಕ್ಕ.
ಬಂಗಾರ ಅಕ್ಕಾ, ಅಂದೆ.
ಸಾಲೆಲ್ಲ ನಕ್ಕಿತು.

ಬಂಗಾರವೇ.
ಎಷ್ಟು ಸಣ್ಣದೆಂದರೆ ಹಳದಿಯಾಗುವುದನ್ನೇ ಮರೆತದ್ದು.
ಚೂರು ಚೂರನ್ನು ಮುಟ್ಟದೆ ತೇಲುವವರೆಗೆ ಕೆಂಪು.
ಹಾಲು ಒಡೆಸಿ, ಸೋಸಿ, ತಿಳಿ ಎರಡು ಹನಿ ಬಿಟ್ಟಾಗ
ಸೇರಬಾರದ್ದು ಅದರಲ್ಲಿ ಸೇರಿದ್ದರೆ
ನಾಯಿ ಕಂಡ ಕುರಿಗಳ ಹಾಗೆ ಒತ್ತೊತ್ತಿ ನಿಂತು
ನೀಲಿ.

ನನ್ನ ತಾತ ಏಸುಪಾದಂ ಚಾಂಪಿಯನ್ ರೀಫಿನಲ್ಲಿ
ಇಪ್ಪತ್ತೆಂಟು ವರ್ಷ ಬಂಗಾರ ತೋಡಿದವನು,
ಒಂದು ಚಿಟಿಕೆಯೂ ನೋಡದವನು.
ಕಲ್ಲಿನೊಳಗೆ ಅದು ಕಾಣುತ್ತಲೇ ಇರಲಿಲ್ಲವಂತೆ.
ಕಂಡದ್ದು ಧೂಳು, ಅದು ಎದೆಯಲ್ಲೇ ಉಳಿಯಿತು.
ಪಾಳಿ ಮುಗಿಸಿ ಮೇಲೆ ಬಂದರೆ ಗೇಟಿನಲ್ಲಿ ವಾಚ್‌ಮನ್:
ಬಾಯಿ ತೆರೆ. ಬುತ್ತಿ ಡಬ್ಬಿ ಬೋರಲು ಹಾಕು.
ಮುಷ್ಟಿ ಬಿಚ್ಚು.
ಸಾಯುವ ವಾರದಲ್ಲೂ ಯಾರಾದರೂ ಮಂಚದ ಹತ್ತಿರ ಹೋದರೆ
ಅವನ ಅಂಗೈ ತಾನಾಗಿ ತೆರೆದುಕೊಳ್ಳುತ್ತಿತ್ತು.

ಈಗ ಗೇಟಿನಲ್ಲಿ ನಾನಿದ್ದೇನೆ.

ಒಂದು, ಕೆಂಪು. ಎರಡು, ಕೆಂಪು.
ಬಯ್ಯಪ್ಪನ ಎಮ್ಮೆಯದು ಕೆಂಪು.
ಹದಿನೇಳು, ಗೌರಕ್ಕನದು,
ಮೊದಲು ನೇರಳೆ, ಆಮೇಲೆ ಶಾಯಿ.
ಸಾಲು ಮಾತು ನಿಲ್ಲಿಸಿತು.
ಅವಳು ಜಗಳಕ್ಕೆ ಬರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು
ಎರಡೂ ಅಂಗೈ ನನ್ನ ಮುಂದೆ ಹಿಡಿದಳು.

ನಿಯಮದಲ್ಲಿಲ್ಲ. ಆದರೂ ಕ್ಯಾನಿಗೆ ಬೆರಳದ್ದಿ ನಾಲಿಗೆಗಿಟ್ಟೆ.
ಉಪ್ಪು.
"ಹಿಂದಿನ ಎಡಮೊಲೆ ಮುಟ್ಟಿದ್ರೆ ಒದೀತಾಳೆ,
ಮೂರು ದಿನ ಆಯ್ತು," ಅಂದಳು, ಹಸುವಿನ ಪರವಾಗಿ.
ಕೆಚ್ಚಲು ಬಾವು.
ಉಪ್ಪಿಗೂ ಬಂಗಾರ ಗುಂಪುಗಟ್ಟುತ್ತದೆ,
ಮೋಸಕ್ಕೂ ನೋವಿಗೂ ಅದರ ಹತ್ತಿರ ಇರುವುದು ಒಂದೇ ನೀಲಿ.
ಹಾಲು ವಾಪಸು ಕಳಿಸಲೇಬೇಕು. ಕಳಿಸಿದೆ.
ರಿಜಿಸ್ಟರಿನಲ್ಲಿ ಕಲಬೆರಕೆ ಅನ್ನುವ ಕಾಲಂ ಹೊಡೆದುಹಾಕಿ
ಪಶು ಡಾಕ್ಟರಿಗೆ ಹೇಳಿದೆ ಅಂತ ಬರೆದೆ,
ಇನ್ನೂ ಹೇಳಿರಲಿಲ್ಲ.

ಮೂವತ್ತೊಂದು, ಅಧ್ಯಕ್ಷರ ಮನೆಯ ಕ್ಯಾನು.
ನೀಲಿ.
ಮತ್ತೊಂದು ಕೊಳವೆ. ನೀಲಿ.
ಬೆರಳದ್ದಿ ನಾಲಿಗೆಗಿಟ್ಟೆ.
ಸಿಹಿ, ಮಂದ, ಬಹಳ ಒಳ್ಳೆಯ ಹಾಲು.
ತಂದ ಹುಡುಗ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟು
ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.
ಹೊರಗೆ ಟ್ಯಾಂಕರ್ ಹಾರ್ನು ಹೊಡೆಯಿತು.

ಕೆಂಪಾದವರು, ವಾಪಸಾದವರು, ಯಾರೂ ಮನೆಗೆ ಹೋಗಿರಲಿಲ್ಲ.
ಪೆನ್ನು ಹಿಡಿದ ನನ್ನ ಮುಷ್ಟಿಯನ್ನೇ
ನೋಡುತ್ತ ನಿಂತಿದ್ದರು.